ಸೊಸೆಯ ಕೈಯ ಹೆಪ್ಪು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ತಂಗಿ ಪ್ರಾಣ ಕಳೆದುಕೊಳ್ಳಲು ಹೋಗಿ, ದೇವರ ದಯೆಯಿಂದ ಬದುಕಿ ಉಳಿದಳು. ಅಂದಿನಿಂದ ಹೂವಿನ ಹಾಗೆ ನೋಡಿಕೊಂಡಿದ್ದೇವೆ. ಒಂದು ಕಡ್ಡಿ ಎತ್ತಿಡಲು ಬಿಟ್ಟಿಲ್ಲ, ಕಣ್ಣಿಂದ ಮರೆಯಾಗಲು ಬಿಟ್ಟಿಲ್ಲ. ಆದರೂ ಆಕೆಯ ಮುಖದಲ್ಲಿ ನಗುವಿಲ್ಲ. ಇನ್ನೇನು ಮಾಡಬೇಕು?"

"ಮಾಡಿದ್ದು ಸಾಲದೇನಯ್ಯ? ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಗಾಣಿಗನಿದ್ದ. ಅವನ ಹೆಂಡತಿ ಹೆಪ್ಪು ಹಾಕಿದರೆ ಮೊಸರು ಗಟ್ಟಿ. ದೀಪ ಹಚ್ಚುವ ಮುಂಚೆ ಕೇರಿಯ ಹೆಂಗಸರೆಲ್ಲ ಬಟ್ಟಲು ಹಿಡಿದು ಅವಳಲ್ಲಿಗೇ ಬರುವರು. ಹೆಪ್ಪು ಒಂದು ಚಮಚ, ಮಾತು ಒಂದು ಸೇರು.

ಒಂದು ದಿನ ಅವಳೂ ನಿನ್ನ ತಂಗಿಯ ಹಾಗೆ ಹೋಗಲು ಹೊರಟು ಉಳಿದಳು. ಮನೆಯವರು ಜ್ವರವೆಂದರು. ಕೇರಿಯವರು ಗೊತ್ತಿದ್ದೂ ತಲೆಯಾಡಿಸಿದರು. ಅತ್ತೆ ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡು ಒಳಕೋಣೆಯಲ್ಲಿ ಮಲಗಿಸಿದಳು. ಹೆಂಗಸರು ಬಂದರು, ಆದರೆ "ಅಮ್ಮಾ, ನೀವೇ ಕೊಡಿ. ಅವಳ ಕೈ ಈಗ ಆಗಿಬರೋದಿಲ್ಲ" ಎಂದು ಪಿಸುಗುಟ್ಟಿದರು. ಮಲಗಿದ್ದವಳಿಗೆ ಎಲ್ಲವೂ ಕೇಳಿಸುತ್ತಿತ್ತು. ತಾನು ಇದ್ದೂ ಇಲ್ಲದವಳಾದೆನೆಂದು ಅವಳು ಕೊರಗಿದಳು.

ಅತ್ತೆಗೋ ಹಾಲು ಆರುವವರೆಗೆ ಕಾಯುವ ತಾಳ್ಮೆಯಿಲ್ಲ. ಸುಡುವ ಹಾಲಿಗೇ ಹೆಪ್ಪು ಸುರಿದಳು. ಮೊಸರು ಲೋಳೆಯಾಯಿತು. ಆ ಹೆಪ್ಪು ಮನೆಮನೆಗೆ ಹೋಗಿ ಕೇರಿಯ ಮೊಸರೆಲ್ಲ ಲೋಳೆಯಾಯಿತು. ಆದರೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹೆಪ್ಪಿನ ಮಾತೆತ್ತಿದರೆ ಪಾಪ, ಸೊಸೆಯ ಮನಸ್ಸಿಗೆ ನೋವಾದೀತೆಂದು ನುಂಗಿ, ಚೆನ್ನಾಗಿದೆ ಎಂದರು!

ಆಗ ಊರೂರು ತಿರುಗುವ ಬಳೆಗಾರ್ತಿ ಬಂದಳು. ಕೇರಿಗೆ ಕಾಲಿಟ್ಟ ಕೂಡಲೇ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ವಾಡಿಕೆಯಂತೆ ಗಾಣಿಗನ ಮನೆಯಲ್ಲಿ ಊಟಕ್ಕೆ ಕೂತಳು. ತುತ್ತು ಎತ್ತಿದರೆ ತಟ್ಟೆಯಿಂದ ಬಾಯಿಯವರೆಗೆ ಮೊಸರು ದಾರವಾಗಿ ಬಂತು.

"ಅಯ್ಯೋ ಶಿವನೇ! ಇದನ್ನು ಉಣ್ಣಬೇಕೋ, ನೂಲಬೇಕೋ?" ಎಂದವಳೇ, ಅತ್ತೆ ಕಣ್ಸನ್ನೆ ಮಾಡುತ್ತಿದ್ದರೂ ಕೈ ತೊಳೆದು ಒಳಕೋಣೆಗೆ ನಡೆದಳು. ಸೊಸೆಯ ಪಕ್ಕದಲ್ಲಿ ಕೂತಳು. "ಏನೇ ತಾಯಿ, ಸಾಯೋಕೆ ಹೋಗಿದ್ದೆಯಂತೆ. ಅಷ್ಟು ನೋವು ಯಾತರದ್ದೇ? ಹೇಳು, ನನಗೇನೂ ಅವಸರವಿಲ್ಲ. ಹೇಳಿ ಹಗುರಾದ ಮೇಲೆ ಎದ್ದು ಬಾ, ನೀನಿಲ್ಲದೆ ಈ ಕೇರಿಯ ಅನ್ನವೇ ಕೆಟ್ಟಿದೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದಳು. ಕಾರಣ ಒಂದೇ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆಗೂ ಗಂಡನಿಗೂ ಕೆಲವು ಮಾತು ಚುಚ್ಚಿದವು. ಆದರೂ ಅವರು ಹೊರಟು ಹೋಗದೆ ಒಳಗೆ ಬಂದು ಕೂತು ಕೇಳಿದರು.

ಗಂಡ ಪಕ್ಕದೂರಿಗೆ ಓಡಿ ಒಳ್ಳೆಯ ಹೆಪ್ಪು ತಂದ. ಅಂದು ರಾತ್ರಿ ಅವಳೇ ಎದ್ದು ಹಾಲು ಆರಿಸಿ ಹೆಪ್ಪು ಹಾಕಿದಳು. ಮರುದಿನ ಸಂಜೆ ಹೆಂಗಸರು ತಲೆ ತಗ್ಗಿಸಿ ಅವಳೆದುರು ಬಟ್ಟಲು ಚಾಚಿದರು. "ಅಲ್ಲ ಕಣ್ರೇ, ಆ ಲೋಳೆಯನ್ನು ಹೇಗೆ ನುಂಗಿದಿರಿ?" ಎಂದು ಅವಳು ಕೇಳಿದಳು. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು, ಅತ್ತೆಯಂತೂ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೂ ಒಮ್ಮೊಮ್ಮೆ ಅವಳಿಗೆ ಅಳು ಬರುತ್ತಿತ್ತು. ಆಗ ಯಾರಾದರೊಬ್ಬರು ಪಕ್ಕದಲ್ಲಿ ಬಂದು ಕೂರುತ್ತಿದ್ದರು.

ಕತೆ ಕೇಳಿ ಶಿಷ್ಯ ಸಮಾಧಾನದಿಂದ ನಕ್ಕ. "ನಮ್ಮಲ್ಲಿ ಅಂಥ ತೊಂದರೆಯಿಲ್ಲ ಗುರುಗಳೇ. ಹಗಲೂ ರಾತ್ರಿ ಯಾರಾದರೊಬ್ಬರು ಅವಳನ್ನು ಕಾಯುತ್ತಲೇ ಇದ್ದೇವೆ."

ಗುರುಗಳು ಕೇಳಿದರು: "ಕಾವಲಿಗೆ ಇಷ್ಟು ಜನ ಇದ್ದೀರಲ್ಲಯ್ಯ, ಅವಳ ಜೊತೆಗೆ ಯಾರಿದ್ದೀರಿ?"