ಕರಡಿಮರಿಯ ಮೊದಲ ಪಾಠ

ಹೆಪ್ಪುಗಟ್ಟಿದ ಸರೋವರದ ಮೇಲೆ ಮುದಿ ನೀರುನಾಯಿಯೊಂದು ಕಾಡಿನ ಮರಿಗಳಿಗೆ ‘ಐಸ್ ಹಾಕಿ’ ಆಟ ಕಲಿಸುತ್ತಿತ್ತು. ತಾಯಿ ಕರಡಿ ಮಾತ್ರ ದಡದಲ್ಲೇ ನಿಂತು ತನ್ನ ಮರಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

“ಕೈ ಬಿಡಮ್ಮ,” ಎಂದಿತು ನೀರುನಾಯಿ.

“ಬಿದ್ದುಬಿಟ್ಟರೆ?”

“ಬೀಳಲಿ. ಮೊದಲ ದಿನ ನಾನು ಕಲಿಸುವುದು ಬಿದ್ದು ಏಳುವುದನ್ನೇ. ಕೋಲು ಹಿಡಿಯುವುದು ಆಮೇಲೆ.”

ತಾಯಿ ಕಣ್ಣು ಮುಚ್ಚಿ ಕೈ ಬಿಟ್ಟಿತು. ಮರಿ ಎರಡು ಹೆಜ್ಜೆ ಇಟ್ಟು ದೊಪ್ಪನೆ ಬಿತ್ತು. ಬಿದ್ದದ್ದು ಹಾಗೇ ಹೊಟ್ಟೆಯ ಮೇಲೆ ಜಾರುತ್ತಾ, ಮೋಡದಲ್ಲಿ ತೇಲಿದಂತೆ, ಸರೋವರದ ನಡುವಿನವರೆಗೂ ಹೋಯಿತು. ಸುತ್ತಲೂ ಹಿಮ ಮೆಲ್ಲಗೆ ಉದುರುತ್ತಿತ್ತು. ಮರಿ ಎದ್ದು ನಿಂತು ಕೇಕೆ ಹಾಕಿತು.

ತಾಯಿ ಕರಡಿ ತಗ್ಗಿದ ದನಿಯಲ್ಲಿ ಕೇಳಿತು: “ಗುರುಗಳೇ, ಚಿಕ್ಕಂದಿನಲ್ಲಿ ನನ್ನ ಕೈಯನ್ನು ಯಾರೂ ಬಿಡಲೇ ಇಲ್ಲ. ನಾನೂ ಒಂದು ಸಲ ಬೀಳಲೇ?”