ಬಚ್ಚಲಮ್ಮನ ದಾರಿ

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಕಣ್ಣಲ್ಲಿ ಕಾಣದ ಕಾಲದಲ್ಲಿ, ಸುಣ್ಣಗುಂಡಿ ಅಂತ ಒಂದು ಊರು. ಆ ಊರಲ್ಲಿ ಮೋರಿ ಚಿತ್ತಯ್ಯ ಅಂತ ಒಬ್ಬನಿದ್ದನಂತೆ. ಮನೆಯ ಕೊಳೆನೀರಿಗೆ ದಾರಿ ಮಾಡಿಕೊಡುವುದು ಅವನ ಕಸುಬು. ಅವನು ಹಾಕಿದ ಮೋರಿಯಲ್ಲಿ ನೀರು ನಿಂತದ್ದನ್ನು ಕಂಡವರಿಲ್ಲ ಅಂತಾರೆ. ನೆಲಕ್ಕೆ ಕಿವಿಯಿಟ್ಟು, ನೀರು ಯಾವ ಕಡೆ ಹೋಗುತ್ತೇನೆ ಅನ್ನುತ್ತದೋ ಕೇಳಿಸಿಕೊಳ್ಳುತ್ತಿದ್ದ ಅಂತಲೂ ಅಂತಾರೆ. ಅನ್ನುವವರ ಬಾಯಿ ಹಿಡಿಯಲಾಗುತ್ತದೆಯೇ?

ಸಣ್ಣ ಮನೆ ಕಟ್ಟುವವರೂ ಮೊದಲು ಅವನನ್ನೇ ಕರೆಯಬೇಕು. ದೇವರ ಮೂಲೆಗೂ ಒಲೆಗೂ ಜಾಗ ಗೊತ್ತಾಗುವ ಮುಂಚೆ ಅವನು ಬೂದಿ ಚೆಲ್ಲಿ ಬಚ್ಚಲಿಗೆ ಗೆರೆ ಎಳೆಯುತ್ತಿದ್ದ. ಅಲ್ಲಿಂದ ಹಿತ್ತಲ ಗುಂಡಿಯವರೆಗೆ ಇಳಿಜಾರಾಗಿ ಮಣ್ಣಿನ ಕೊಳವೆ. ಬಚ್ಚಲ ಬಾಯಲ್ಲಿ ಕೊಳವೆಗೊಂದು ಬಾಗು. ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತು ಗುಂಡಿಯ ಕೆಟ್ಟ ಗಾಳಿಯನ್ನು ತಡೆಯುತ್ತಿತ್ತು. ಬಾಗು ದಾಟಿದ ಮೇಲೆ ಅದರಿಂದಲೇ ಇನ್ನೊಂದು ಕೊಳವೆ ಮಾಳಿಗೆಯ ಮೇಲಕ್ಕೆ, ಬಾಯಿ ತೆರೆದುಕೊಂಡು. ಅದು ಗಾಳಿಗೆ. ಮೇಲಿಂದ ಗಾಳಿ ಬಾರದಿದ್ದರೆ ಇಳಿಯುವ ನೀರು ಬಾಗಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಗುಂಡಿಯ ನಾತ ಮನೆಯೊಳಕ್ಕೆ ಬರುತ್ತದೆ.

ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹೇಳಲಿಲ್ಲ. ಮಹಾ ಸಿಡುಕ. ಮಾಳಿಗೆಯ ಮೇಲೆ ಇದ್ಯಾಕೆ ಅಂತ ಜನ ತಲೆ ತಿಂದಾಗ, ಬಚ್ಚಲಮ್ಮ ಅಂತ ಒಬ್ಬ ದೇವಿ ಇದ್ದಾಳೆ, ಅವಳು ಹತ್ತಿ ಇಳಿಯುವ ದಾರಿ ಅದು ಅಂದುಬಿಟ್ಟ. ಜನ ಕೈ ಮುಗಿದು ಸುಮ್ಮನಾದರು. ಅವನಿಗೂ ಅದೇ ಹಾಯೆನಿಸಿತು. ಆಮೇಲೆ ಮನೆ ಮನೆಯಲ್ಲೂ ಅದೇ ಸುಳ್ಳು.

ಚಿತ್ತಯ್ಯನಿಗೆ ಇದ್ದವಳು ಒಬ್ಬಳೇ ಮಗಳು, ಓಬಕ್ಕ. ತಾಯಿಯಿಲ್ಲದ ಹುಡುಗಿ. ಅದೇ ಊರಲ್ಲಿ ಕೊಟ್ಟು, ಅವಳ ಮನೆಯ ಮೋರಿಯನ್ನು ತಾನೇ ನಿಂತು ಹಾಕಿದ್ದ. ಇವಳಿಗಾದರೂ ನಿಜ ಹೇಳಬೇಕು ಅನಿಸಿತ್ತಂತೆ. ಇನ್ನೊಂದು ದಿನ ಹೇಳಿದರಾಯಿತು ಅಂದುಕೊಂಡ.

ತವರಲ್ಲಿ ನೋಡಿಕೊಳ್ಳುವ ಹೆಂಗಸರಿಲ್ಲವೆಂದು ಚೊಚ್ಚಲ ಹೆರಿಗೆ ಅತ್ತೆಮನೆಯಲ್ಲೇ ಆಯಿತು. ಗಂಡು ಕೂಸು. ಅತ್ತೆ ಮಾರಕ್ಕ ಕೆಟ್ಟವಳಲ್ಲ. ಬಾಣಂತಿಗೆ ಗಾಳಿ ಸೋಕಬಾರದೆಂದು ಬಚ್ಚಲ ಪಕ್ಕದ ಕೋಣೆಯ ಕಿಟಕಿ, ಬೆಳಕಿಂಡಿಗಳಿಗೆಲ್ಲ ಬಟ್ಟೆ ತುರುಕಿದಳು. ಆಮೇಲೆ ಮಾಳಿಗೆಯ ಕೊಳವೆ ನೆನಪಾಯಿತು. ದೇವಿ ಇಳಿಯುವ ದಾರಿಯಲ್ಲಿ ದೆವ್ವವೂ ಇಳಿಯಬಹುದಲ್ಲ? ಅದರ ಬಾಯಿಗೆ ಮಡಕೆ ಬೋರಲು ಹಾಕಿ ಸುತ್ತ ಸಗಣಿ ಮೆತ್ತಿದಳಂತೆ.

ಬಾಣಂತಿಗೆ ದಿನವೂ ಹಂಡೆ ತುಂಬ ಬಿಸಿನೀರು ಎರೆದರು. ಬಚ್ಚಲು ಗೊಳಕ್ ಗೊಳಕ್ ಅಂತ ಬಾಗಿನ ನೀರನ್ನು ನುಂಗಿತು. ಹೆರಿಗೆಯ ಸೂತಕ ಕಳೆದು ಚಿತ್ತಯ್ಯ ಮೊಮ್ಮಗನನ್ನು ನೋಡಲು ಬಂದಾಗ ಹೊಸ್ತಿಲಲ್ಲೇ ನಾತ ಮೂಗಿಗೆ ಬಡಿಯಿತು. ಕೂಸು ಹಾಲು ಬಿಟ್ಟಿತ್ತು. ಅವನು ಮಾಳಿಗೆ ಹತ್ತಿ ಮಡಕೆ ಒಡೆದ, ಕಿಟಕಿಯ ಬಟ್ಟೆ ಕಿತ್ತೆಸೆದ. ಕೂಸು ಉಳಿಯಲಿಲ್ಲ.

“ಯಾರು ಮುಚ್ಚಿದ್ದು ಅದನ್ನ? ಗಾಳಿ ಓಡಾಡೋ ದಾರಿ ಅದು!” ಅಂತ ಕಿರುಚಿದನಂತೆ.

“ನೀವೇ ಹೇಳಿದ್ರಲ್ಲ ಬೀಗ್ರೇ, ಅದು ದೇವ್ರು ಓಡಾಡೋ ದಾರಿ ಅಂತ,” ಅಂದಳು ಮಾರಕ್ಕ ಅಳುತ್ತ.

ಓಬಕ್ಕ ಅಪ್ಪನ ಮುಖ ನೋಡಿದಳು. “ನಂಗಾದ್ರೂ ನಿಜ ಹೇಳ್ಬಾರ್ದಾಗಿತ್ತಾ ಅಪ್ಪಯ್ಯ?” ಅಂದಳು. ಆಮೇಲೆ ಬದುಕಿರುವವರೆಗೂ ಅವನ ಜೊತೆ ಮಾತಾಡಲಿಲ್ಲ ಅಂತಾರೆ.

ಅಂದಿನಿಂದ ಚಿತ್ತಯ್ಯ ಮನೆ ಮನೆ ಬಾಗಿಲಿಗೆ ಹೋದ. ದೇವಿಯೂ ಇಲ್ಲ, ದೆವ್ವವೂ ಇಲ್ಲ, ಅದು ಬರೀ ಗಾಳಿಯ ದಾರಿ, ತೆರೆದಿಡಿ ಅಂತ ಅಂಗಲಾಚಿದ. ಯಾರು ನಂಬುತ್ತಾರೆ? ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದರು. ಬಚ್ಚಲಮ್ಮ ಮುನಿದು ಕೂಸನ್ನು ತಗೊಂಡಳು, ಈಗ ಇವನು ಅವಳೇ ಇಲ್ಲ ಅಂತಾನೆ ಅಂತ ಬಾಗಿಲು ಹಾಕಿಕೊಂಡರು. ಹೇಳುತ್ತ ಹೇಳುತ್ತಲೇ ಸತ್ತ.

ಆ ಸೀಮೆಯಲ್ಲಿ ಇವತ್ತಿಗೂ ಹೊಸ ಮನೆ ಹೊಕ್ಕ ದಿನ ಚಿತ್ತಯ್ಯನ ಹೆಸರು ಹೇಳಿ ಮಾಳಿಗೆ ಹತ್ತುತ್ತಾರೆ. ಕೊಳವೆಗೆ ಅರಿಶಿನ ಕುಂಕುಮ ಬಳಿದು, ತಾಯಿಗೆ ಅಂತ ಅದರ ಬಾಯಿ ತುಂಬ ಚೆಂಡುಹೂ ತುರುಕುತ್ತಾರೆ. ಕೆಳಗೆ ಬಚ್ಚಲು ಗೊಳಕ್ ಅಂದರೆ, ಪೂಜೆ ಒಪ್ಪಿಕೊಂಡಳು ಅಂತ ಮನೆಯ ಕೂಸುಗಳನ್ನು ಎತ್ತಿ ತಂದು ಅಲ್ಲೇ, ಬಚ್ಚಲ ಬಾಯಿಗೆ ಅಡ್ಡ ಬೀಳಿಸುತ್ತಾರೆ.