ಗಾಣದ ಎತ್ತಿನ ಉಳುಮೆ

ಮಠದ ಪಾಠಶಾಲೆಯಲ್ಲಿ ಹೊಸದಾಗಿ ಪಾಠ ಹೇಳಲು ನಿಂತಿದ್ದ ಚನ್ನವೀರ, ತನ್ನ ಗುರುಗಳ ಬಳಿಗೆ ಬಂದು ಕೇಳಿದ: "ಗುರುಗಳೇ, ನನ್ನ ಹುಡುಗರಲ್ಲಿ ಒಬ್ಬನಿಗೆ ಲೆಕ್ಕ ತಲೆಗೆ ಹತ್ತುವುದೇ ಇಲ್ಲ. ಹೇಳಿದ್ದನ್ನೇ ಹೇಳಿ ಗಂಟಲು ಒಣಗಿತು, ಬೆತ್ತವೂ ಸವೆಯಿತು. ನಾಳೆ ಅವನನ್ನು ಮನೆಗೆ ಕಳಿಸಿಬಿಡಬೇಕೆಂದಿದ್ದೇನೆ. ತಪ್ಪೇ?"

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಜೋಡಿಯಲ್ಲಿ ಒಂದೆತ್ತು ಸತ್ತುಹೋಯಿತು. ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಹದ ಆರುವುದರೊಳಗೆ ಉಳದಿದ್ದರೆ ಆ ವರ್ಷ ಬಿತ್ತನೆಯೇ ಇಲ್ಲ. ಸಂತೆಯ ದಿನಕ್ಕೂ ಕಾಯದೆ ಪಕ್ಕದೂರಿನ ಗಾಣಿಗನಿಂದ ಒಂದು ಎತ್ತು ಕೊಂಡು ತಂದ. ಎತ್ತು ಗಟ್ಟಿಮುಟ್ಟಾಗಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಎಣ್ಣೆಗಾಣ ಸುತ್ತಿದ್ದು ಬಿಟ್ಟರೆ ಬೇರೆ ಕೆಲಸ ಮಾಡಿರಲಿಲ್ಲ.

ನೊಗಕ್ಕೆ ಕಟ್ಟಿ ಹೊಡೆದರೆ ಅದು ನಾಲ್ಕು ಹೆಜ್ಜೆಗೇ ಬಲಕ್ಕೆ ತಿರುಗಿತು. ಜೊತೆಯ ಎತ್ತನ್ನೂ ಎಳೆದುಕೊಂಡು ತಿರುಗಿತು. ನೇಗಿಲ ಸಾಲು ಕುಡುಗೋಲಿನಂತೆ ಬಾಗಿತು. ನಮ್ಮ ನಿಮ್ಮಂತೆ ಆ ರೈತನಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಬೈದ. ಬಾರುಕೋಲಿನಿಂದ ಬಾರಿಸಿದ. ಹೊಡೆದಷ್ಟೂ ಎತ್ತು ಇನ್ನೂ ಬಿರುಸಾಗಿ ಸುತ್ತಿತು. ಬದುವಿನ ಮೇಲೆ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ರೈತ ಎತ್ತನ್ನು ಗಾಣಿಗನ ಅಂಗಳಕ್ಕೆ ಹೊಡೆದುಕೊಂಡು ಹೋದ.

"ಏನಣ್ಣಾ, ಏನೂ ಕಲಿಯದ ದಡ್ಡ ಎತ್ತನ್ನು ನನ್ನ ತಲೆಗೆ ಕಟ್ಟಿದೆಯಲ್ಲ!"

ಗಾಣಿಗ ಎತ್ತಿನ ಬೆನ್ನ ಮೇಲಿನ ಬಾಸುಂಡೆಗಳನ್ನು ನೋಡಿದ. ಅವನಿಗೆ ಸಂಕಟವಾಯಿತು. "ಗಾಣದಲ್ಲಿ ಏಟು ಬಿದ್ದರೆ ಬೇಗ ಸುತ್ತು ಅಂತ ಅರ್ಥ ಕಣಪ್ಪಾ. ಪಾಪ, ನೀನು ಹೇಳಿದ್ದನ್ನೇ ಅದು ಮಾಡಿದೆ."

ರೈತ ನಾಚಿಕೆಯಿಂದ ತಲೆ ತಗ್ಗಿಸಿದ. ಆದರೆ ಅವನು ಹಟವಾದಿ. ಎತ್ತನ್ನು ಅಲ್ಲಿ ಬಿಟ್ಟು ಬರಲಿಲ್ಲ. ಉಳುವುದಾದರೆ ಇದರಿಂದಲೇ ಉಳುತ್ತೇನೆ ಎಂದು ನಿರ್ಧರಿಸಿ ವಾಪಸು ಕರೆತಂದ.

ಮರುದಿನ ಬಾರುಕೋಲನ್ನು ಮನೆಯಲ್ಲೇ ಇಟ್ಟುಹೋದ. ಹೊಲದ ಅಂಚಿನಲ್ಲಿ ಹೂಡದೆ ನಟ್ಟನಡುವೆ ಹೂಡಿದ. ಗಾಣದ ಎತ್ತನ್ನು ನೊಗದ ಬಲಕ್ಕೆ ಕಟ್ಟಿ, ಅದಕ್ಕೆ ಗೊತ್ತಿದ್ದಂತೆ ಬಲಕ್ಕೇ ಸುತ್ತಲು ಬಿಟ್ಟ. ಮೊದಲ ಸುತ್ತು ಗಾಣದ ಸುತ್ತಿನಷ್ಟೇ ಇತ್ತು. ಮುಂದಿನದನ್ನು ಒಂದು ಸಾಲು ಹೊರಗೆ ಹಿಡಿದ. ಅದರ ಮುಂದಿನದನ್ನು ಇನ್ನೊಂದು ಸಾಲು ಹೊರಗೆ. ಸುತ್ತು ದೊಡ್ಡದಾದಷ್ಟೂ ಸಾಲಿನ ಬಾಗು ಕಡಿಮೆಯಾಯಿತು. ನೋಡಿದವರು ಇದೆಂಥ ಉಳುಮೆಯಪ್ಪಾ ಎಂದು ಮತ್ತೆ ನಕ್ಕರು. ಅವನು ನೇಗಿಲ ಮೇಣಿ ಬಿಡಲಿಲ್ಲ. ಬದುವಿನ ಹತ್ತಿರ ಬರುವ ಹೊತ್ತಿಗೆ ಎತ್ತು ನೇರವಾಗಿ ನಡೆಯುತ್ತಿತ್ತು. ಹದ ಆರುವ ಮೊದಲೇ ಹೊಲ ಉತ್ತು ಮುಗಿಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಎದ್ದು ನಿಂತ. "ತಿಳಿಯಿತು ಗುರುಗಳೇ. ಹುಡುಗನನ್ನು ಕಳಿಸುವುದಿಲ್ಲ. ಅವನಿಗೆ ಗೊತ್ತಿರುವುದರಿಂದಲೇ ಶುರುಮಾಡಿ ಕಲಿಸಿಯೇ ತೀರುತ್ತೇನೆ."

"ಸಂತೋಷ. ಅವನಿಗೆ ಏನು ಗೊತ್ತು?" ಎಂದು ಗುರುಗಳು ಕೇಳಿದರು.

ಅದನ್ನು ಕೇಳಿ ತಿಳಿಯಲು ಚನ್ನವೀರ ಹುಡುಗನಿದ್ದಲ್ಲಿಗೆ ಹೊರಟ.